ದೊಡ್ಡೋರ ವಾರ್ಡಿಂದ ಮಕ್ಕಳ ವಾರ್ಡಿಗೆ ಹೋಗೋದು ಹೆಂಗ್ರಿ ಸಿಸ್ಟರ್?

ಹೋದ ತಿಂಗ್ಳು ಮಕ್ಕಳ ವಾರ್ಡಿನ ನರ್ಸುಗಳ ಬಗ್ಗೆ ಇದೇ ಅಂಕಣದಾಗ ನಾಲ್ಕು ಸಾಲು ಬರ್ದಿದ್ದೆ, ಅದಾದ ಮ್ಯಾಲೆ ಬಂದ ಪ್ರಶ್ನಿಗಳು ಸುಮಾರು ಎಲ್ಲಾ ಒಂದೇ ಕಡೆ ಬಂದು ನಿಲ್ತಾವ: ನರ್ಸಿಂಗ್ ಮುಗ್ಸಿ ರಿಜಿಸ್ಟ್ರೇಷನ್ ಆಗೇತಿ, ಡ್ಯೂಟಿನೂ ಮಾಡಾಕತ್ತೀವಿ, ಈಗ ಮಕ್ಕಳ ನರ್ಸಿಂಗ್ ಅಂತ ಬ್ಯಾರೆ ಓದ್ಬೇಕೋ ಬ್ಯಾಡೋ. ಅದಕ್ಕ ಈ ಸಲ ಪೂರ್ತಿ ಜಾಗ ಇದಕ್ಕೇ ಇಟ್ಟೀನಿ. ನಾನು ಬಳ್ಳಾರಿಯೊಳಗ ವರ್ಷಗಟ್ಲೆ ಮಕ್ಕಳ ವಾರ್ಡ್ ನೋಡಿ, ಆಮ್ಯಾಲೆ ಅದನ್ನೇ ಹುಡುಗೇರಿಗೆ ಕಲಿಸಿದಾಕಿ, ಅದಕ್ಕ ಈ ವಿಷ್ಯ ಬಂದ್ರ ಉತ್ತರ ಉದ್ದ ಆಗ್ತೈತಿ, ಸ್ವಲ್ಪ ತಾಳ್ಮಿಯಿಂದ ಓದ್ರಿ.

ಪ್ರಶ್ನಿ: ಅಕ್ಕಾ, ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗ್ಸಿ ಆರು ವರ್ಷ ಆತು. ಒಂದು ಪ್ರೈವೇಟ್ ಆಸ್ಪತ್ರಿಯಾಗ ಜನರಲ್ ವಾರ್ಡ್ ನೋಡ್ತೀನಿ. ವಾರಕ್ಕ ಮೂರು ದಿನ ಮಕ್ಕಳ ಡಾಕ್ಟ್ರು ಬರ್ತಾರ, ಆವತ್ತು ಕೂಸಿಗೆ ಐವಿ (ಸಲೈನ್ ಸೂಜಿ) ಹಾಕೋದು ಬಂತಂದ್ರ ನನ್ನ ಕೈ ನಡುಗ್ತೈತಿ. ಮಕ್ಕಳ ನರ್ಸಿಂಗ್ ಓದ್ಬೇಕಂತ ಭಾಳ ಆಸೆ. ಮನಿಯಾಗ ಅತ್ತಿ ಮತ್ತ ಮನಿಯವ್ರು 'ನರ್ಸ್ ಅಂದ್ರ ನರ್ಸು, ಸಣ್ಣೋರಿಗೆ ಬ್ಯಾರೆ ದೊಡ್ಡೋರಿಗೆ ಬ್ಯಾರೆ ಅಂತ ಇರ್ತೈತೇನು' ಅಂತಾರ. ಗೊತ್ತಿದ್ದೋರೊಬ್ರು ಮೂರು ತಿಂಗಳ ಡಿಪ್ಲೊಮಾ ಐತಿ, ರೊಕ್ಕ ಕಟ್ಟಿಬಿಡು ಅಂತ ಹಿಂದ ಬಿದ್ದಾರ. ಏನ್ ಮಾಡ್ಲಿ? (ಒಬ್ಬ ಸ್ಟಾಫ್ ನರ್ಸ್, ಗಂಗಾವತಿ)

ಉತ್ತರ: ತಂಗೀ, ಆ ಮೂರು ತಿಂಗಳದ್ದಕ್ಕ ಈಗ್ಲೇ ರೊಕ್ಕ ಕಟ್ಟಬ್ಯಾಡ. ಯಾವ ಕೋರ್ಸೇ ಇರ್ಲಿ, ಸೇರೋಕಿಂತ ಮೊದ್ಲು ಒಂದೇ ಮಾತು ಕೇಳು: ಇದನ್ನ ಮುಗಿಸಿದ್ರ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನನ್ನ ಹೆಸರಿನ ಮುಂದ ಹೆಚ್ಚುವರಿ ಅರ್ಹತೆ ಅಂತ ಬರ್ಕೊಳ್ತೈತೋ ಇಲ್ಲೋ? ಕಾಲೇಜಿನೋರು ಹೌದು ಅಂದ್ರ ಸಾಲಂಗಿಲ್ಲ, ಕೌನ್ಸಿಲ್‌ಗೇ ಕೇಳಿ ತಿಳ್ಕೊಂಡು ಆಮ್ಯಾಲೆ ಫೀ ಕಟ್ಟು. ಅಲ್ಲಿ ರಿಜಿಸ್ಟರ್ ಆಗ್ಲಾರದ ಸರ್ಟಿಫಿಕೇಟ್ ಗ್ವಾಡಿಗೆ ತೂಗು ಹಾಕಾಕ ಅಷ್ಟೇ ಬರ್ತೈತಿ.

ಸರಿಯಾದ ದಾರಿ ಎರಡು ಅದಾವ. ಒಂದು, ಪೋಸ್ಟ್ ಬೇಸಿಕ್ ಡಿಪ್ಲೊಮಾ ಇನ್ ನಿಯೋನೇಟಲ್ ನರ್ಸಿಂಗ್. ಒಂದು ವರ್ಷದ್ದು, ಹುಟ್ಟಿದ ಕೂಸುಗಳ ಆರೈಕಿ ಮ್ಯಾಲೇ ಪೂರ್ತಿ ಇರ್ತೈತಿ, ರಿಜಿಸ್ಟರ್ಡ್ ನರ್ಸ್ ಆಗಿದ್ದು ಕಮ್ಮಿ ಅಂದ್ರ ಒಂದು ವರ್ಷ ಡ್ಯೂಟಿ ಮಾಡಿರ್ಬೇಕು, ನಿನಗ ಆರು ವರ್ಷ ಐತಿ, ಜಿಎನ್‌ಎಂ ಆದೋರೂ ಸೇರಬೌದು. ಇದ್ರಾಗ ಕ್ಲಾಸ್ ರೂಮಿಗಿಂತ ವಾರ್ಡ್ ಜಾಸ್ತಿ, ಅದೇ ನಿನಗ ಬೇಕಾಗಿರೋದು. ಇನ್ನೊಂದು ಉದ್ದನ ದಾರಿ, ಎರಡು ವರ್ಷ ಪೋಸ್ಟ್ ಬೇಸಿಕ್ ಬಿಎಸ್ಸಿ, ಅದ್ರ ಮ್ಯಾಲೆ ಎರಡು ವರ್ಷ ಎಂಎಸ್ಸಿ ನರ್ಸಿಂಗ್‌ನ್ಯಾಗ ಚೈಲ್ಡ್ ಹೆಲ್ತ್ ತಗೊಳ್ಳೋದು. ಎಂಎಸ್ಸಿಗೆ ಸೇರ್ಬೇಕಂದ್ರ ಡಿಗ್ರಿಯಾಗ 55 ಪರ್ಸೆಂಟ್ ಬೇಕು, ಎಸ್‌ಸಿ ಎಸ್‌ಟಿ ಆದ್ರ 5 ಪರ್ಸೆಂಟ್ ಸಡಿಲ ಐತಿ. ನಮ್ಮ ಕಡೆ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗ ಬರ್ತಾವ. ಸರ್ಕಾರಿ ಸೀಟಿಗೆ ಅರ್ಜಿ ಹಾಕುವಾಗ 371ಜೆ (ಕಲ್ಯಾಣ ಕರ್ನಾಟಕದೋರ ಮೀಸಲಾತಿ) ಸರ್ಟಿಫಿಕೇಟ್ ಕೈಯಾಗ ಇರ್ಲಿ, ಕೊನಿ ದಿನ ತಹಶೀಲ್ದಾರ್ ಆಫೀಸಿಗೆ ಓಡಾಡಿ ಅತ್ತ ಹುಡುಗೇರನ್ನ ನಾ ನೋಡೀನಿ.

ಇನ್ನ ನಿಮ್ಮ ಅತ್ತಿ ಕೇಳಿದ ಮಾತು. ಅವ್ರು ತಪ್ಪಾಗಿ ಏನೂ ಕೇಳಿಲ್ಲ, ನರ್ಸಿಂಗ್ ಓದಿದ ನಾವೂ ಮೊದ್ಲು ಹಂಗೇ ಅನ್ಕೊಂಡಿರ್ತೀವಿ, ದೊಡ್ಡೋರಿಗೆ ಮಾಡಿದ್ದನ್ನೇ ಸ್ವಲ್ಪ ಕಮ್ಮಿ ಮಾಡಿದ್ರ ಸಣ್ಣೋರಿಗೆ ಆತು ಅಂತ. ಹಂಗಿಲ್ಲ. ಒಂದು ಕೆ.ಜಿ. ತೂಕದ ಕೂಸಿನ ಮೈಯಾಗ ಇರೋ ರಕ್ತ ಎಲ್ಲಾ ಸೇರ್ಸಿದ್ರ ಸುಮಾರು 80 ಎಂಎಲ್, ಅಂದ್ರ ನಮ್ಮ ಹೋಟ್ಲಾಗ ಕೊಡೋ ಸಣ್ಣ ಗ್ಲಾಸಿನ ಚಾದಷ್ಟು. ದೊಡ್ಡೋರಿಗೆ ಟೆಸ್ಟಿಗಂತ 5 ಎಂಎಲ್ ತಗದ್ರ ಅವ್ರಿಗೆ ಗೊತ್ತೂ ಆಗಂಗಿಲ್ಲ, ಆ ಕೂಸಿನ ಮೈಯಿಂದ ಅಷ್ಟು ತಗದ್ರ ಗ್ಲಾಸು ಎಷ್ಟು ಖಾಲಿ ಆತು ನೀನೇ ನೋಡು. ಉಸಿರು ಎಣಿಸೋದೂ ಬ್ಯಾರೆ. ಎರಡು ತಿಂಗಳ ಒಳಗಿನ ಕೂಸು ನಿಮಿಷಕ್ಕ 60 ಮುಟ್ಟಿದ್ರ ಜೋರು ಉಸಿರು, ವರ್ಷದೊಳಗಿಂದಕ್ಕ 50, ಐದು ವರ್ಷದ ತನಕ 40, ಅದೂ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದಲ್ಲ, ಪೂರ್ತಿ ಒಂದು ನಿಮಿಷ ಹೊಟ್ಟಿ ಮ್ಯಾಲೆ ಕಣ್ಣಿಟ್ಟು ಎಣಿಸ್ಬೇಕು, ಯಾಕಂದ್ರ ಕೂಸು ನಡುವ ಉಸಿರು ನಿಲ್ಸಿ ನಿಲ್ಸಿ ಬಿಡ್ತೈತಿ.

ಡ್ರಿಪ್ ಸೆಟ್ಟನ್ನೇ ತಗೋ. ದೊಡ್ಡೋರ ಸೆಟ್ಟಿನಾಗ 20 ಹನಿಗೆ ಒಂದು ಎಂಎಲ್, ಮಕ್ಕಳಿಗೆ ಹಾಕೋ ಮೈಕ್ರೊ ಡ್ರಿಪ್ಪಿನಾಗ 60 ಹನಿಗೆ ಒಂದು ಎಂಎಲ್. ಡಾಕ್ಟ್ರು ತಾಸಿಗೆ 20 ಎಂಎಲ್ ಅಂತ ಬರ್ದಿದ್ರ ಮೈಕ್ರೊ ಸೆಟ್ಟಿನಾಗ ನಿಮಿಷಕ್ಕ 20 ಹನಿ ಬಿಟ್ರ ಸರಿ ಹೊಂದ್ತೈತಿ. ಮೈಕ್ರೊ ಸ್ಟಾಕ್ ಇಲ್ಲಂತ ರಾತ್ರಿ ಯಾರೋ ದೊಡ್ಡೋರ ಸೆಟ್ ಹಾಕಿ ಅದೇ 20 ಹನಿ ಇಟ್ರ ತಾಸಿಗೆ 60 ಎಂಎಲ್ ಒಳಗ ಹೋತು, ಮೂರು ಪಟ್ಟು, ಬೆಳಗಾಗೋದ್ರಾಗ ಕೂಸಿನ ಮುಖ ಬಾತಿರ್ತೈತಿ. ಇದನ್ನ ನಿಮ್ಮ ಮನಿಯವ್ರಿಗೆ ಲೆಕ್ಕ ಹಾಕಿ ತೋರ್ಸು, ಹೊಲಕ್ಕ ನೀರು ಬಿಡೋರಿಗೆ ಈ ಲೆಕ್ಕ ಬಡಾನ ತಿಳೀತೈತಿ.

ಕೈ ನಡುಗೋದಕ್ಕ ಹೆದ್ರಬ್ಯಾಡ, ಕೂಸಿನ ಕೈ ಹಿಡಿದಾಗ ನಡುಗ್ಲಾರದ ಕೈ ನಂಗೂ ಮೊದ್ಲಿಗೆ ಇರ್ಲಿಲ್ಲ. ಹಳದಿ ಬಣ್ಣದ 24 ನಂಬರ್ ಕ್ಯಾನುಲಾ (ಐವಿ ಸೂಜಿ) ತಗೊಂಡು, ಕೂಸಿನ ಕೈ ಬೆಚ್ಚಗ ಮಾಡಿ, ಬಟ್ಟಿಯಾಗ ಸುತ್ತಿ, ಇನ್ನೊಬ್ಬ ಸಿಸ್ಟರನ್ನ ಹಿಡಿಯಾಕ ನಿಲ್ಸಿಕೊಂಡು, ಅವ್ವನ್ನ ಕೂಸಿನ ತಲಿ ಹತ್ರ ನಿಲ್ಸು, ಹೊರಗ ಕಳಿಸ್ಬ್ಯಾಡ. ಅವ್ವನ ದನಿ ಕೇಳ್ತಿದ್ರ ಕೂಸು ಅರ್ಧ ಸಮಾಧಾನ ಆಗ್ತೈತಿ. ಎರಡು ಸಲ ಚುಚ್ಚಿ ಸಿಗ್ಲಿಲ್ಲ ಅಂದ್ರ ಬಿಟ್ಟು ಬ್ಯಾರೆಯೋರನ್ನ ಕರಿ, ಅದ್ರಾಗ ಅವಮಾನ ಏನೂ ಇಲ್ಲ.

ಕಾಲೇಜ್ ಆರಿಸುವಾಗ ಬಿಲ್ಡಿಂಗ್ ನೋಡಬ್ಯಾಡ, ಬಸ್ ನೋಡಬ್ಯಾಡ. ನಿಮ್ಮ ಹುಡುಗೇರನ್ನ ಯಾವ ಆಸ್ಪತ್ರಿಗೆ ಪೋಸ್ಟಿಂಗ್ ಕಳಿಸ್ತೀರಿ, ಅಲ್ಲಿ ಮಕ್ಕಳ ಬೆಡ್ ಎಷ್ಟು, ವೆಂಟಿಲೇಟರ್ ಮ್ಯಾಲಿನ ಕೂಸನ್ನ ಮುಟ್ಟಾಕ ಬಿಡ್ತಾರೋ ದೂರ ನಿಂತು ನೋಡು ಅಂತಾರೋ, ಇಷ್ಟು ಕೇಳು. ಹೋದ ವರ್ಷ ಓದಿದ ಹುಡುಗೀನ ಹುಡುಕಿ ಆಕಿಗೂ ಕೇಳು, ನಿಜ ಅಲ್ಲೇ ಸಿಗ್ತೈತಿ.

ಪ್ರಶ್ನಿ: ಮೇಡಂ, ನಾನು ಬಿಎಸ್ಸಿ ನರ್ಸಿಂಗ್ ಮುಗ್ಸಿ ಕಾಂಟ್ರಾಕ್ಟ್ ಮ್ಯಾಲೆ ಎಸ್‌ಎನ್‌ಸಿಯು (ಹುಟ್ಟಿದ ಕೂಸುಗಳ ವಿಶೇಷ ಆರೈಕಿ ಘಟಕ) ಒಳಗ ಎರಡು ವರ್ಷದಿಂದ ಇದ್ದೀನಿ. ನವಜಾತ ಶಿಶು ಟ್ರೈನಿಂಗೂ ಆಗ್ಯದ. ಈಗ ಎಂಎಸ್ಸಿ ಮಾಡ್ಲೋ, ಒಂದು ವರ್ಷದ ನಿಯೋನೇಟಲ್ ಡಿಪ್ಲೊಮಾ ಮಾಡ್ಲೋ ತಿಳೀವಲ್ದು. ಎಂಎಸ್ಸಿ ಮಾಡಿದ್ರ ಕಾಲೇಜಿಗೆ ಪಾಠ ಮಾಡ್ಲಿಕ್ಕೆ ಹೋಗ್ಬೇಕಾಗ್ತದ ಅಂತಾರ, ನನಗ ಕೂಸುಗಳ ಹತ್ರಾನೇ ಇರ್ಬೇಕಂತ ಅದ. (ಸಿಸ್ಟರ್, ರಾಯಚೂರು ಜಿಲ್ಲೆ)

ಉತ್ತರ: ಕೂಸುಗಳ ಹತ್ರಾನೇ ಇರ್ಬೇಕು ಅಂತ ನೀವೇ ಬರ್ದೀರಲ್ಲ, ಹಂಗಾದ್ರ ಡಿಪ್ಲೊಮಾ ಮಾಡ್ರಿ. ಎಂಎಸ್ಸಿ ಕೆಟ್ಟದ್ದು ಅಂತಲ್ಲ, ನಾನೂ ಅದನ್ನೇ ಮಾಡಿದಾಕಿ, ಆದ್ರ ಎಂಎಸ್ಸಿ ಆದೋರ್ನ ಹೆಚ್ಚಾಗಿ ಕಾಲೇಜುಗಳೇ ಕರ್ಕೊಂತಾವ, ವರ್ಷ ಎರಡು ವರ್ಷದಾಗ ಕೈಯಾಗ ಸ್ಟೆತೊಸ್ಕೋಪ್ ಹೋಗಿ ಅಟೆಂಡೆನ್ಸ್ ಬುಕ್ ಬಂದಿರ್ತೈತಿ. ಮುಂದ ಬೇಕಾದ್ರ ಎಂಎಸ್ಸಿನೂ ಮಾಡ್ಬೌದು, ಬಿಎಸ್ಸಿ ಐತಲ್ಲ. ಡಿಪ್ಲೊಮಾ ಮಾಡಿದ್ರ ಪಗಾರ ಅಲ್ಲೇ ಏರ್ತೈತಿ ಅನ್ಕೊಂಡು ಮಾತ್ರ ಹೋಗ್ಬ್ಯಾಡ್ರಿ, ಏರಿದ್ರ ಸಂತೋಷ.

ನಿಮ್ಮ ಎಸ್‌ಎನ್‌ಸಿಯು ಬಗ್ಗೆ ಒಂದು ಮಾತು ಹೇಳ್ಲೇಬೇಕು. ಜಿಲ್ಲಾ ಆಸ್ಪತ್ರಿಯಾಗ ಹಿಂಗೊಂದು ಘಟಕ 2003ರಾಗ ಪಶ್ಚಿಮ ಬಂಗಾಳದ ಪುರುಲಿಯಾದಾಗ ಶುರು ಆತು. ಅದೂ ನಮ್ಮಂಗ ಬರ ಬೀಳೋ ಬಡ ಜಿಲ್ಲೆ, ದೊಡ್ಡ ಊರಿನ ಆಸ್ಪತ್ರಿ ಅಲ್ಲ. ಅಲ್ಲಿ ಆದದ್ದನ್ನ ನೋಡಿ ದೇಶದ ತುಂಬ ಬಂತು, ಈಗ ಜಿಲ್ಲಾ ಮಟ್ಟದಾಗ ಕಮ್ಮಿ ಅಂದ್ರ 12 ಬೆಡ್ಡಿನದ್ದು ಇರ್ಬೇಕಂತ ಲೆಕ್ಕ. ಅದನ್ನ ನಡೆಸೋರು ರಾತ್ರಿ ಹಗಲು ಅಲ್ಲೇ ಇರೋ ನೀವು. ಕೂಸನ್ನ ಬೆಚ್ಚಗಿಡೋ ರೇಡಿಯಂಟ್ ವಾರ್ಮರ್ ಕೊಂಡು ತಂದಿಡೋದು ಸುಲಭ, ಮೈ ಬಿಸಿ ಅಳೆಯೋ ಅದ್ರ ಪ್ರೋಬ್ ಕೂಸಿನ ಮೈಯಿಂದ ಕಿತ್ತು ಬಂದೈತಂತ ದೂರದಿಂದ್ಲೇ ಗೊತ್ತು ಹಿಡಿಯೋ ಕಣ್ಣು ಎರಡು ವರ್ಷ ನಿಂತ್ರ ಬರ್ತೈತಿ. ಹಂಗ ಕಲ್ತೋರ್ನ ಕೆಲವು ಕಡೆ ಆರು ತಿಂಗಳಿಗೊಮ್ಮೆ ಬ್ಯಾರೆ ವಾರ್ಡಿಗೆ ಹಾಕ್ತಾರ, ಇದು ನನಗ ಒಂಚೂರೂ ಸರಿ ಅನ್ಸಂಗಿಲ್ಲ. ಎಲ್ಲಾರಿಗೂ ಸಮಾನ ಡ್ಯೂಟಿ ಅಂತ ಹೆಸರು, ಕೂಸಿಗೆ ಮಾತ್ರ ದಿನಾ ಹೊಸಬ್ರು. ಟ್ರೈನ್ ಆದ ಸಿಸ್ಟರ್‌ಗಳನ್ನ ತಿರುಗಿಸ್ಬಾರ್ದು ಅಂತ ಸೂಪರಿಂಟೆಂಡೆಂಟ್‌ಗೆ ಬಾಯಿಮಾತಿಲೆ ಹೇಳೋದಲ್ಲ, ಎಲ್ಲಾರೂ ಸೇರಿ ಬರವಣಿಗಿಯಾಗ ಕೊಡ್ರಿ.

ನನ್ನ ಕತಿ ಹೇಳ್ತೀನಿ, ಅದು ಯಾವ ಆಸ್ಪತ್ರಿ ಅನ್ನೋದು ಬ್ಯಾಡ. ಸರ್ಜಿಕಲ್ ವಾರ್ಡಿಂದ ಮಕ್ಕಳ ವಾರ್ಡಿಗೆ ಹಾಕಿ ಹದಿನೈದು ದಿನ ಆಗಿತ್ತು, ಯಾರೂ ಏನೂ ಕಲ್ಸಿರ್ಲಿಲ್ಲ. ಆರು ಕೆ.ಜಿ. ಕೂಸು, ಜ್ವರ, ಪ್ಯಾರಾಸಿಟಮಾಲ್ ಕೊಡ್ಬೇಕು. ಕೆ.ಜಿ.ಗೆ 15 ಎಂಜಿ ಅಂದ್ರ 90 ಎಂಜಿ. ನಾನು ದಿನಾ ನೋಡಿದ್ದು 5 ಎಂಎಲ್‌ಗೆ 125 ಎಂಜಿ ಇರೋ ಸಿರಪ್ಪು, ಅದ್ರ ಲೆಕ್ಕದಾಗ ಸುಮಾರು ಮೂರೂವರಿ ಎಂಎಲ್ ಅಂತ ಸಿರಿಂಜಿಗೆ ಎಳ್ಕೊಂಡೆ. ಆದ್ರ ಕೈಯಾಗ ಇದ್ದದ್ದು ಹನಿ ಬಾಟ್ಲಿ, ಒಂದೇ ಎಂಎಲ್ಲಿಗೆ 100 ಎಂಜಿ. ಒಂದು ಎಂಎಲ್ ಸಹ ಪೂರ್ತಿ ಬ್ಯಾಡ ಅದಕ್ಕ, ನಾ 350 ಎಂಜಿ ಹಿಡ್ಕೊಂಡು ಕೂಸಿನ ಬಾಯಿ ಹತ್ರ ಹೋಗಿದ್ದೆ. ಹಿಂದಿದ್ದ ಕೇರಳದ ಹಿರೇ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ನಿಲ್ಸಿದ್ರು, ಬೈಲಿಲ್ಲ, ಎರಡೂ ಬಾಟ್ಲಿ ಮುಂದಿಟ್ಟು 'ಲೇಬಲ್ ಓದು, ಜೋರಾಗಿ ಓದು' ಅಂದ್ರು. ಆವತ್ತಿನ ರಾತ್ರಿ ನನಗ ನಿದ್ದಿ ಬರ್ಲಿಲ್ಲ. ಮರುದಿನಾನೇ ಎಲ್ಲಿ ಓದ್ಬೌದು ಅಂತ ವಿಚಾರ್ಸಾಕ ಶುರು ಮಾಡ್ದೆ. ಇವತ್ತಿಗೂ ನನ್ನ ಹುಡುಗೇರು ಔಷಧಿ ಎಳಿಯೋಕಿಂತ ಮೊದ್ಲು ಕೂಸಿನ ತೂಕ, ಬಾಟ್ಲಿ ಮ್ಯಾಲಿನ ಎಂಜಿ, ಎಷ್ಟು ಎಂಎಲ್, ಮೂರನ್ನೂ ಬಾಯಿ ಬಿಟ್ಟು ಹೇಳ್ಬೇಕು.

ಪ್ರಶ್ನಿ: ನಮಸ್ಕಾರ ಮೇಡಂ. ನಮ್ಮ ದೊಡ್ಡಪ್ಪನ ಮಗಳು ಇಂಗ್ಲೆಂಡಿನಾಗ ನರ್ಸ್. ಅಲ್ಲಿ ದೊಡ್ಡೋರ ನರ್ಸು ಮಕ್ಕಳ ನರ್ಸ್ ಆಗ್ಬೇಕಂದ್ರ ಮತ್ತ ಯೂನಿವರ್ಸಿಟಿಗೆ ಹೋಗಿ ಓದ್ಬೇಕಂತ. ನಾನೂ ಬಿಎಸ್ಸಿ ನರ್ಸಿಂಗ್ ಕೊನಿ ವರ್ಷ, ಮುಂದ ಹೋಗೋ ಆಸೆ ಐತಿ. ನಮ್ಮ ಹತ್ರ ಎಲ್ಲಾ ಒಂದೇ ಸರ್ಟಿಫಿಕೇಟ್‌ನ್ಯಾಗ ಬರ್ತೈತಿ, ಅವ್ರು ಯಾಕ ಹಂಗ ಮಾಡ್ಯಾರ? (ವಿದ್ಯಾರ್ಥಿನಿ, ಸಂಡೂರು)

ಉತ್ತರ: ನಿಮ್ಮಕ್ಕ ಹೇಳಿದ್ದು ಖರೇ ಐತಿ. ನಮ್ಮಲ್ಲಿ ಬಿಎಸ್ಸಿ ಅಥವಾ ಜಿಎನ್‌ಎಂ ಮುಗ್ಸಿದ್ರ ನರ್ಸು ಮತ್ತ ಸೂಲಗಿತ್ತಿ ಎರಡೂ ಆಗಿ ಒಂದೇ ರಿಜಿಸ್ಟ್ರೇಷನ್, ಮಕ್ಕಳ ವಿಷ್ಯನೂ ಅದ್ರಾಗ ಒಂದು ಪೇಪರ್. ಬ್ರಿಟನ್‌ನ್ಯಾಗ ಮೊದಲ್ನೇ ದಿನದಿಂದ್ಲೇ ನಾಲ್ಕು ಕವಲು ಅದಾವ: ದೊಡ್ಡೋರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕಾ ನ್ಯೂನತೆ. ಯಾವುದ್ರಾಗ ಓದ್ತಿಯೋ ಆ ಹೆಸರಿನ್ಯಾಗೇ ಅಲ್ಲಿನ ನರ್ಸಿಂಗ್ ಮತ್ತ ಮಿಡ್‌ವೈಫರಿ ಕೌನ್ಸಿಲ್, ಅಂದ್ರ ಎನ್‌ಎಂಸಿ, ರಿಜಿಸ್ಟರ್ ಮಾಡ್ಕೊಳ್ತೈತಿ. ದೊಡ್ಡೋರ ನರ್ಸ್ ಆದಾಕಿಗೆ ಮಕ್ಕಳ ನರ್ಸ್ ಅಂತ ಎರಡ್ನೇ ರಿಜಿಸ್ಟ್ರೇಷನ್ ಬೇಕಂದ್ರ ಒಪ್ಪಿಗಿ ಇರೋ ಕೋರ್ಸ್ ಮತ್ತ ಮಾಡ್ಬೇಕು. ಪೂರ್ತಿ ಮೂರು ವರ್ಷ ಬ್ಯಾಡ, ಮೊದ್ಲು ಕಲ್ತದ್ದನ್ನ ಲೆಕ್ಕಕ್ಕ ಹಿಡಿದು ಕಮ್ಮಿ ಮಾಡ್ತಾರ. ಬ್ಯಾರೆಯೋರಿಗೆ ಹಂಗ ಕಳಿಯೋದು ಅರ್ಧಕ್ಕಿಂತ ಹೆಚ್ಚಿಗೆ ಇಲ್ಲ, ಅಲ್ಲಿ ಈಗಾಗ್ಲೇ ರಿಜಿಸ್ಟರ್ ಆದ ನರ್ಸಿಗೆ ಅದ್ಕಿಂತ ಜಾಸ್ತಿನೂ ಕಳಿಬೌದು.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರಿ 1852ರಾಗ ಬರೇ 10 ಬೆಡ್ಡಿಂದ ಶುರು ಆತು. 1919ರಾಗ ನರ್ಸುಗಳ ರಿಜಿಸ್ಟ್ರೇಷನ್ ಕಾಯ್ದೆ ಬಂದಾಗ್ಲೇ ಮಕ್ಕಳ ನರ್ಸುಗಳಿಗೆ ಬ್ಯಾರೆ ಪಟ್ಟಿ ಇಟ್ಟಿದ್ರು. ಅಷ್ಟೆಲ್ಲಾ ಇದ್ರೂ ಅಲ್ಲಿ ಭಾಳ ವರ್ಷ ತಂದಿತಾಯಿನ ವಾರ್ಡಿಗೆ ಬಿಡ್ತಿರ್ಲಿಲ್ಲ, ವಾರಕ್ಕ ಒಂದೆರಡು ಸಲ ಬಂದು ನೋಡ್ಕೊಂಡು ಹೋಗ್ಬೇಕಿತ್ತು. 1959ರಾಗ ಪ್ಲಾಟ್ ವರದಿ ಅಂತ ಒಂದು ಬಂದು, ಹಂಗ ಕೂಸನ್ನ ಅವ್ವನಿಂದ ಅಗಲ್ಸಬಾರ್ದು, ಬೇಕಾದಾಗ ಬರಾಕ ಬಿಡ್ರಿ ಅಂತ ಹೇಳ್ತು.

ಇದನ್ನ ಓದಿದಾಗೆಲ್ಲ ನನಗ ನಮ್ಮ ವಾರ್ಡುಗಳು ಕಣ್ಣ ಮುಂದ ಬರ್ತಾವ. ನಮ್ಮಲ್ಲಿ ಅವ್ವ ಯಾವತ್ತೂ ಬೆಡ್ ಬಿಟ್ಟು ಹೋದಾಕಿ ಅಲ್ಲ, ಜೊತಿಗೆ ಅಜ್ಜಿ, ರೊಟ್ಟಿ ಗಂಟು, ಬೆಡ್ ಕೆಳಗ ಚಾಪಿ. ಗದ್ಲ ಆಗ್ತೈತಿ ಅಂತ ನಾವು ಅವ್ರನ್ನ ಹೊರಗ ಹಾಕ್ತಿದ್ವಿ. ಹೊಸ ಎಸ್‌ಎನ್‌ಸಿಯು ಬಂದಾಗ ಬಾಗ್ಲಾ ಹಾಕಿ ಅವ್ವಂದ್ರನ್ನ ಪೂರ್ತಿ ದೂರ ಇಟ್ವಿ, ಆಮ್ಯಾಲೆ 2017ರಾಗ ಕೇಂದ್ರ ಸರ್ಕಾರನೇ ಮಾರ್ಗಸೂಚಿ ತಂದು, ತಂದಿತಾಯಿಗೆ ಕೈ ತೊಳಿಯೋದು ಕಲ್ಸಿ ಒಳಗ ಕರ್ಕೊಂಡು ಆರೈಕಿಯಾಗ ಸೇರ್ಸಿಕೊಳ್ರಿ ಅಂತು. ಅವ್ವ ಇರೋದು ನಮ್ಮ ದೊಡ್ಡ ಬಲ. ಆಕಿ ಜೊತಿ ಕೆಲಸ ಮಾಡೋದು ಹೆಂಗ ಅಂತ ಕಲ್ಸೋದೇ ಮಕ್ಕಳ ನರ್ಸಿಂಗಿನ ಅರ್ಧ ಪಾಠ, ಅದೂ ನಮ್ಮ ಕಡೆ ತೆಲುಗು, ಉರ್ದು, ಲಂಬಾಣಿ ಮಾತಾಡೋ ಅವ್ವಂದ್ರು ಒಂದೇ ಸಾಲಿನ್ಯಾಗ ಕುಂತಿರ್ತಾರ.

ನೀನು ಹೋಗೋದಾದ್ರ, ಅಲ್ಲಿ ಇಂಗ್ಲಿಷ್ ಪರೀಕ್ಷಿ ಬೇಕು, ಐಇಎಲ್‌ಟಿಎಸ್ ಇಲ್ಲಾ ಓಇಟಿ, ಆಮ್ಯಾಲೆ ಕಂಪ್ಯೂಟರ್ ಮ್ಯಾಲೆ ಒಂದು ಪರೀಕ್ಷಿ, ಕೈಯಿಂದ ಮಾಡಿ ತೋರ್ಸೋದು ಒಂದು, ಅದಕ್ಕ ಓಸ್ಕಿ ಅಂತಾರ. ನಮ್ಮೋರು ಹೆಚ್ಚಿನೋರು ದೊಡ್ಡೋರ ಕವಲಿಗೇ ಸೇರ್ತಾರ. ನಿನಗ ಮಕ್ಕಳ ಕಡೆ ಮನಸಿದ್ರ ಇಲ್ಲೇ ಡಿಗ್ರಿ ಆದ ಕೂಡ್ಲೇ ಮಕ್ಕಳ ವಾರ್ಡಿನಾಗ ಡ್ಯೂಟಿ ಹಿಡಿ, ಅನುಭವ ಪತ್ರದಾಗ ಬರೇ 'ಸ್ಟಾಫ್ ನರ್ಸ್' ಅಂತ ಬರ್ಸಬ್ಯಾಡ, ಯಾವ ವಾರ್ಡು, ಎಷ್ಟು ತಿಂಗ್ಳು ಅಂತ ಬಿಡ್ಸಿ ಬರ್ಸು.

ಪ್ರಶ್ನಿ: ಅಕ್ಕಾರ, ನಾನು ಹುಡುಗ, ಜಿಎನ್‌ಎಂ ಆಗ್ಯದ. ಮಕ್ಕಳ ನರ್ಸಿಂಗ್ ಅಂದ್ರ ಗೆಳೆಯರು ನಗ್ತಾರ. ಗಂಡಸ್ರಿಗೆ ಅಲ್ಲಿ ಜಾಗ ಅದ ಏನ್ರಿ? (ಸಿಂಧನೂರು)

ಉತ್ತರ: ಐತಿ ತಮ್ಮಾ, ಓದಾಕ ಯಾವ ಅಡ್ಡಿನೂ ಇಲ್ಲ. ಹಾಲು ಕುಡ್ಸೋದನ್ನ ಅವ್ವಂದ್ರಿಗೆ ಹೇಳಿ ಕೊಡೋವಾಗ ಒಬ್ಬ ಸಿಸ್ಟರ್ ಜೊತಿಗಿರ್ಲಿ, ಉಳಿದ ಕೆಲಸದಾಗ ಗಂಡು ಹೆಣ್ಣು ಅಂತ ಏನಿಲ್ಲ. ನಿನ್ನಂಥೋರು ಬೇಕು ಅನ್ನಾಕ ಇನ್ನೊಂದು ಕಾರಣ ಐತಿ. ತೂಕ ಕಮ್ಮಿ ಇರೋ ಕೂಸನ್ನ ಎದಿಗೆ ಚರ್ಮಕ್ಕ ಚರ್ಮ ತಾಗೋ ಹಂಗ ಇಟ್ಕೊಳ್ಳೋ ಕಾಂಗರೂ ಆರೈಕಿ ಐತಲ್ಲ, 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಾಗ ಶುರು ಆದದ್ದು, 2022ರಾಗ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಕೂಡ್ಲೇ ಶುರು ಮಾಡಿ ದಿನಕ್ಕ 8ರಿಂದ 24 ತಾಸು ಕೊಡ್ರಿ ಅಂತ ಹೇಳೇತಿ. ಸಿಸೇರಿಯನ್ ಆದ ಅವ್ವ ಅಷ್ಟೊತ್ತು ಒಬ್ಬಾಕಿನೇ ಹೆಂಗ ಕೂಡ್ತಾಳ? ಅಪ್ಪ ಕೂಡಬೌದು. ನಾವು ಹೇಳಿದ್ರ ನಮ್ಮ ಕಡೆ ಅಪ್ಪಂದ್ರು ನಾಚ್ಕೊಂಡು ಹೊರಗ ಹೋಗ್ಬಿಡ್ತಾರ. ನೀನು ಒಂದು ಮಾತು ಹೇಳಿ ಅಂಗಿ ಗುಂಡಿ ಬಿಚ್ಚಿಸಿ ಕೂಸನ್ನ ಅವನ ಎದಿ ಮ್ಯಾಲಿಟ್ರ ಅವನು ಅಲುಗಾಡ್ದಂಗ ಕೂಡ್ತಾನ, ನಾ ಕಂಡೀನಿ.

ಪ್ರಶ್ನಿ: ಮೇಡಂ, ನಾನು ನರ್ಸ್ ಅಲ್ಲ. ಹೋದ ಏಪ್ರಿಲ್‌ನ್ಯಾಗ ನನ್ನ ಮಗಳ ಬಾಣಂತನ ಆತು. ನಾಲ್ಕು ದಿನದ ಕೂಸಿಗೆ ಮೈ ಬಿಸಿ ಅಂತ ಆಸ್ಪತ್ರಿಗೆ ಒಯ್ದ್ರ ಅಲ್ಲಿದ್ದ ಸಣ್ಣ ವಯಸ್ಸಿನ ನರ್ಸು ಕುಲಾಯಿ, ಸ್ವೆಟರು, ದುಪ್ಪಟ್ಟಿ ಎಲ್ಲಾ ಬಿಚ್ಚಿಸಿದ್ಲು. ಕೂಸಿಗೆ ಥಂಡಿ ಆಗ್ತೈತಂತ ನಾನು ಜಗಳಾನೇ ತಗದೆ. ಕೂಸು ಈಗ ಚೆಂದ ಐತಿ. ಆಕಿ ಮಾಡಿದ್ದು ಸರಿನಾ? (ಕುಷ್ಟಗಿ ತಾಲ್ಲೂಕು)

ಉತ್ತರ: ಸರಿನೇ ಮಾಡ್ಯಾಳ ಅವ್ವಾ. ಹುಟ್ಟಿದ ಕೂಸು ನಮ್ಮಂಗ ನಡುಗಿ ಮೈ ಬೆಚ್ಚಗ ಮಾಡ್ಕೊಳ್ಳಂಗಿಲ್ಲ, ಅದಕ್ಕ ಥಂಡಿ ತಡಿಯಂಗಿಲ್ಲ ಅಂತ ನಿಮ್ಮ ಹೆದ್ರಿಕಿ ಸುಳ್ಳಲ್ಲ. ಆದ್ರ ಬಿಸಿನೂ ಅದು ತಡಿಯಂಗಿಲ್ಲ. ನಮ್ಮ ಬ್ಯಾಸಿಗಿಯಾಗ, ಪತ್ರಾಸಿನ ಮನಿಯಾಗ, ಮೂರು ಪದರ ಉಣ್ಣಿ ಸುತ್ತಿದ್ರ ಮೈ ಕಾದು ಜ್ವರ ಬಂದಂಗ ಆಗ್ತೈತಿ, ಹಾಲೂ ಕಮ್ಮಿ ಸಿಕ್ಕಿದ್ರ ಇನ್ನಷ್ಟು. ಕೂಸಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗ ಇರ್ಬೇಕು. ಬಟ್ಟಿ ಕಮ್ಮಿ ಮಾಡಿ, ಎದಿ ಹಾಲು ಮ್ಯಾಲಿಂದ ಮ್ಯಾಲೆ ಕುಡಿಸ್ಬೇಕು, ನೀರು, ಸಕ್ರಿ ನೀರು ಕೊಡ್ಬಾರ್ದು. ಹಂಗಂತ ಎಲ್ಲಾ ಜ್ವರಾನೂ ಬಟ್ಟಿದಲ್ಲ. ಅಷ್ಟು ಸಣ್ಣ ಕೂಸಿಗೆ ಮೈ ಬಿಸಿ ಆದ್ರ ಮನಿಯಾಗ ಇಟ್ಕೊಂಡು ಕೂಡ್ಲಾರ್ದ ನೀವು ಆಸ್ಪತ್ರಿಗೆ ಒಯ್ದದ್ದು ಭಾಳ ಛಲೋ ಆತು. ಹಾಲು ಎಳೀವಲ್ದು, ಮೆತ್ತಗ ಬಿದ್ದೈತಿ, ಉಸಿರು ನಿಮಿಷಕ್ಕ 60 ಆಗೇತಿ ಅಂದ್ರ ಒಂದು ಗಳಿಗಿನೂ ತಡಾ ಮಾಡ್ಬಾರ್ದು.

ಆ ಹುಡುಗಿ ಇನ್ನ ಅಲ್ಲೇ ಇದ್ರ, ಕೂಸಿನ ಲಸಿಕಿಗೆ ಹೋದಾಗ ಆಕಿನ್ನ ಕರ್ದು, ಕೈಯಿಂದ ಮುಟ್ಟಿ ಥಂಡಿ ತಿಳಿಯೋದು ಹೆಂಗ ಅಂತ ಕೇಳ್ರಿ, ಆಕಿ ತೋರ್ಸಿ ಕೊಡ್ತಾಳ. ಅಂಗೈ ತಿರುವಿ ಹಿಂದಿನ ಕಡೆಯಿಂದ ಮೊದ್ಲು ಕೂಸಿನ ಹೊಟ್ಟಿ, ಆಮ್ಯಾಲೆ ಪಾದ. ಎರಡೂ ಬೆಚ್ಚಗ ಇದ್ದು ಪಾದ ಕೆಂಪಗಿದ್ರ ಕೂಸು ಆರಾಮ ಐತಿ. ಹೊಟ್ಟಿ ಬೆಚ್ಚಗ, ಪಾದ ತಣ್ಣಗ ಅಂದ್ರ ಥಂಡಿ ಹಿಡಿಯಾಕತ್ತೈತಿ, ಅವ್ವನ ಎದಿಗೆ ಕೊಡ್ರಿ. ಎರಡೂ ತಣ್ಣಗ ಆಗಿದ್ರ ಎದಿಗೆ ಅವಚ್ಕೊಂಡೇ ಆಸ್ಪತ್ರಿ ಹಾದಿ ಹಿಡೀರಿ.